ಮಾವಿನ ಮಂಡಿಯಲ್ಲಿ ಹತ್ತು ಚಕ್ರ: ಶ್ರೀನಿವಾಸಪುರದ ಒಂದು ಲಾರಿಗೆ ಜಾಗ ಹುಡುಕಿದ ಪ್ರಕರಣ

ಜಗಳ ಶುರುವಾಗಿದ್ದು ಒಂದು ಚಪ್ಪಡಿಯಿಂದ.

2024ರ ಆಗಸ್ಟ್ ತಿಂಗಳ ಒಂದು ರಾತ್ರಿ, ಹನ್ನೊಂದೂವರೆ ಇರಬೇಕು. ಕೋಲಾರ ಜಿಲ್ಲೆ ಶ್ರೀನಿವಾಸಪುರದ ಒಂದು ಹೊಸ ಬಡಾವಣೆಯಲ್ಲಿ ಹತ್ತು ಚಕ್ರದ ಲಾರಿ ಹಿಂದಕ್ಕೆ ಬರುತ್ತಿತ್ತು. ಮನೆ ಪಕ್ಕದ ಖಾಲಿ ಸೈಟಿಗೆ ಹಾಕಬೇಕು. ಡ್ರೈವರ್ ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುತ್ತಿದ್ದರು. ಎಡಗಡೆ ಹಿಂದಿನ ಚಕ್ರ ಚರಂಡಿ ಮೇಲೆ ಹಾಸಿದ್ದ ಚಪ್ಪಡಿ ಹತ್ತಿತು. ಕಲ್ಲು ಎರಡಾಯಿತು. ಚಕ್ರ ಚರಂಡಿಯಲ್ಲಿ ಕೂತಿತು. ಜಾಕಿ ಕೊಟ್ಟು, ಸೈಜುಗಲ್ಲು ಜೋಡಿಸಿ, ಹಲಗೆ ತುರುಕಿ ಮೇಲೆತ್ತುವಷ್ಟರಲ್ಲಿ ಎರಡು ಗಂಟೆ. ಅಷ್ಟೊತ್ತಿಗೆ ಬೀದಿಯ ಎಲ್ಲ ಮನೆಯ ಲೈಟೂ ಹತ್ತಿತ್ತು.

ಬೆಳಗ್ಗೆ ಎದುರು ಮನೆಯ ನಿವೃತ್ತ ಮೇಷ್ಟ್ರು ಬಂದು ಮುರಿದ ಕಲ್ಲನ್ನೇ ನೋಡುತ್ತಾ ನಿಂತರು. ಬೈಯಲಿಲ್ಲ. "ಇದು ಸಂಸಾರಸ್ಥರಿರೋ ಬೀದಿ ಕಣಪ್ಪಾ, ಲಾರಿ ಸ್ಟ್ಯಾಂಡ್ ಅಲ್ಲ" ಅಂದರು, ಹೋದರು. ಹೊಸ ಚಪ್ಪಡಿ ಅವತ್ತೇ ಬಂತು. ಕಲ್ಲಿನ ಜಿಲ್ಲೆ ನಮ್ಮದು, ಚಪ್ಪಡಿಗೇನು ಬರವಿಲ್ಲ. ಆದರೆ ಎರಡು ವಾರಕ್ಕೆ ಆ ಖಾಲಿ ಸೈಟಿನ ಓನರ್ ಬೆಂಗಳೂರಿಂದ ಬಂದು ಗುದ್ದಲಿ ಪೂಜೆ ಮಾಡಿಸಿದರು. ಪಾಯ ತೋಡಿದ ದಿನ ಲಾರಿಗೆ ಊರಲ್ಲಿ ಜಾಗ ಇಲ್ಲದಂತಾಯಿತು.

ನಾನು ಇದೇ ಊರಲ್ಲಿ ಗಾಡಿಗಳ ಕಾಗದಪತ್ರದ ಕೆಲಸ ಮಾಡುತ್ತೇನೆ. ಇನ್ಶೂರೆನ್ಸ್, ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಟ್ಯಾಕ್ಸ್. ಈ ಲಾರಿ 2016ರ ಮಾಡೆಲ್. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಹಾಗಾಗಿ ಅದರ ಮಾಲೀಕರು ನನ್ನ ಅಂಗಡಿಗೆ ಬಂದರು. ಕಾಗದದ ಮಾತು ಐದು ನಿಮಿಷ. ಉಳಿದ ಒಂದು ಗಂಟೆ "ಗಾಡಿ ಎಲ್ಲಿ ಹಾಕೋದು ಸಾರ್?" ಅನ್ನೋದೇ ಮಾತು. ಆಮೇಲೆ ಒಂದು ವರ್ಷ ನಾವಿಬ್ಬರೂ ಸೇರಿ ಈ ಜಾಗದ ವಿಷಯದ ಹಿಂದೆ ಬಿದ್ದೆವು. ಅದರ ವಿವರ ಇಲ್ಲಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಆದ್ದರಿಂದ ಇಲ್ಲಿ ಅವರು ಬರೀ "ಅಣ್ಣ", ಅವರ ಹೆಂಡತಿ "ಅಕ್ಕ".

ಅಣ್ಣನಿಗೆ ನಲವತ್ತನಾಲ್ಕು ವರ್ಷ. ಕ್ಲೀನರ್ ಆಗಿ ಶುರು ಮಾಡಿದವರು. ಲಾರಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ಮಾಲೀಕರೂ ಅವರೇ, ಡ್ರೈವರೂ ಅವರೇ. ಕೋಲಾರ ಮಾರುಕಟ್ಟೆಯಿಂದ, ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಿಂದ ಟೊಮೆಟೊ ಹೊರರಾಜ್ಯಗಳಿಗೆ ಒಯ್ಯುತ್ತಾರೆ. ಬರುವಾಗ ಸಿಕ್ಕ ಲೋಡ್. ಮಾವಿನ ಕಾಲದಲ್ಲಿ ಮಾವು. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು.

ಮನೆ ಹತ್ತಿರವೇ ಯಾಕೆ?

"ಊರಾಚೆ ಎಲ್ಲಾದ್ರೂ ನಿಲ್ಲಿಸಿ ನಡ್ಕೊಂಡು ಬರಬಾರದಾ?" ಇದು ಮೇಷ್ಟ್ರ ಪ್ರಶ್ನೆ. ತಪ್ಪು ಪ್ರಶ್ನೆಯೇನಲ್ಲ. ನನಗೂ ಮೊದಲು ಹಾಗೇ ಅನಿಸಿತ್ತು.

ಉತ್ತರ ಸಿಗಲಿ ಅಂತ ಅಣ್ಣನಿಗೆ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟೆ. ಊರಿಗೆ ಬಂದ ಹೊತ್ತು, ಊರು ಬಿಟ್ಟ ಹೊತ್ತು, ಗಾಡಿ ನಿಲ್ಲಿಸಿದ ಜಾಗ, ಇಷ್ಟು ಬರೆಯಿರಿ ಅಂದೆ. ಎರಡು ತಿಂಗಳಲ್ಲಿ ಹದಿನಾಲ್ಕು ಸಲ ಊರಿಗೆ ಬಂದಿದ್ದರು. ಅದರಲ್ಲಿ ಹನ್ನೊಂದು ಸಲ ಬಂದಿದ್ದು ರಾತ್ರಿ ಒಂಬತ್ತರ ಮೇಲೆ. ಹೊರಟಿದ್ದು ಹೆಚ್ಚು ಕಮ್ಮಿ ಎಲ್ಲ ಸಲವೂ ಬೆಳಗಿನ ಜಾವ ಮೂರರಿಂದ ಐದರೊಳಗೆ. ಬೆಂಗಳೂರಿನೊಳಗೆ ಹಗಲು ದಟ್ಟಣೆ ಹೊತ್ತಲ್ಲಿ ದೊಡ್ಡ ಲಾರಿ ಬಿಡೋದಿಲ್ಲ, ಅದು ಶುರುವಾಗೋ ಮೊದಲೇ ಊರು ದಾಟಬೇಕು. ಆ ಎರಡೂ ಹೊತ್ತಲ್ಲಿ ನಮ್ಮೂರಲ್ಲಿ ಬಸ್ಸಿಲ್ಲ, ಆಟೋ ಇಲ್ಲ.

ನೋಟ್‌ಬುಕ್ಕಿನಲ್ಲಿ ನನ್ನ ಕಣ್ಣು ಕುಕ್ಕಿದ್ದು ಇನ್ನೊಂದು ಸಂಗತಿ. ಹದಿನಾಲ್ಕರಲ್ಲಿ ಐದು ರಾತ್ರಿಯ ಮುಂದೆ "ಕ್ಯಾಬಿನ್" ಅಂತ ಬರೆದಿದ್ದರು. ಅಂದರೆ ಮನೆಗೆ ಮೂರು ಕಿಲೋಮೀಟರ್ ಇರುವಾಗ ಹೆದ್ದಾರಿ ಪಕ್ಕ ಗಾಡಿ ನಿಲ್ಲಿಸಿ, ಕ್ಯಾಬಿನ್‌ನಲ್ಲೇ ಮಲಗಿದ್ದರು. ಬಿಟ್ಟು ಹೋದರೆ ಏನು ಕಳುವಾಗುತ್ತೋ ಅನ್ನೋ ಭಯ. ದೊಡ್ಡ ಮಗ ಅಮ್ಮನನ್ನು ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಟಿಫನ್ ಕ್ಯಾರಿಯರ್ ತರುತ್ತಿದ್ದ. ಒಂದು ರಾತ್ರಿ ನಾನೂ ಅಲ್ಲಿದ್ದೆ. ಇಂಜಿನ್ ಕವರ್ ಮೇಲೆ ಪೇಪರ್ ಹಾಸಿ, ಮುದ್ದೆ ಬಸ್ಸಾರು ಉಣ್ಣುತ್ತಾ ಅಣ್ಣ ಮಗನ ಮಾರ್ಕ್ಸ್ ಕಾರ್ಡ್ ನೋಡಿ ಸೈನ್ ಹಾಕಿದರು. ಅಕ್ಕ ಕ್ಯಾಬಿನ್ ಮೆಟ್ಟಿಲ ಮೇಲೆ ಕೂತು ಸೊಳ್ಳೆ ಓಡಿಸುತ್ತಿದ್ದರು. ಉಂಡಾದ ಮೇಲೆ ಅವರು ಮನೆಗೆ ಹೋದರು, ಇವರು ಅಲ್ಲೇ ಕಾಲು ಚಾಚಿದರು.

2025ರ ಅಕ್ಟೋಬರ್‌ನಿಂದ ತಯಾರಾಗೋ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಒಳ್ಳೇದೇ. ಆದರೆ 2016ರ ಕ್ಯಾಬಿನ್‌ನಲ್ಲಿ ಬಿಸಿ ಇಂಜಿನ್ ಪಕ್ಕ ಮಲಗಿ ಎದ್ದವರು ಬೆಳಗಿನ ಜಾವ ಹೆದ್ದಾರಿಗೆ ಇಳಿಯುತ್ತಾರೆ ಅನ್ನೋದು ನೆನಪಿರಲಿ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ 1961ರದ್ದೊಂದು 2025ರವರೆಗೆ ಇತ್ತು. ದಿನಕ್ಕೆ ಎಂಟು ಗಂಟೆ ಕೆಲಸ, ನಡುವೆ ವಿಶ್ರಾಂತಿ ಅನ್ನುತ್ತಿತ್ತು. ಅದು ಇದ್ದದ್ದೂ ಐದು ಮತ್ತು ಹೆಚ್ಚು ಕೆಲಸಗಾರರಿರೋ ಸಂಸ್ಥೆಗಳಿಗೆ. ತನಗೆ ತಾನೇ ಮಾಲೀಕನಾದ ಅಣ್ಣನಂಥವರಿಗೆ ವಿಶ್ರಾಂತಿ ಕೊಡಬೇಕಾದವರು ಯಾರು? ಅವರೇ.

ಅಳತೆ ಮತ್ತು ಸದ್ದು

ನಮ್ಮ ಬಡಾವಣೆಗಳಲ್ಲಿ ಎಲ್ಲರಿಗೂ ಗೊತ್ತಿರೋ ಅಳತೆ 30×40. ಅಣ್ಣನ ಲಾರಿ ಬಂಪರ್‌ನಿಂದ ಬಂಪರ್‌ಗೆ ಸುಮಾರು ಮೂವತ್ತಡಿ. ಅಂದರೆ ಒಂದು ಸೈಟಿನ ಮುಂಭಾಗದಷ್ಟು ಉದ್ದ. ಅಗಲಕ್ಕೆ ಕಾನೂನಿನ ಮಿತಿಯೇ 2.6 ಮೀಟರ್, ಎಂಟೂವರೆ ಅಡಿ. ರಸ್ತೆ ಚರಂಡಿ ಸೇರಿ ಮೂವತ್ತಡಿ. ಲಾರಿ ರಸ್ತೆ ಬದಿ ನಿಂತರೆ ಹಾಲಿನ ವ್ಯಾನು ಹೆಂಗೋ ನುಸುಳುತ್ತೆ, ಆಂಬುಲೆನ್ಸ್ ಯೋಚಿಸಬೇಕಾಗುತ್ತೆ. ನಿಲ್ಲೋಕೆ ಬೇಕಾದ ಜಾಗಕ್ಕಿಂತ ತಿರುಗೋಕೆ ಬೇಕಾದ ಜಾಗ ಜಾಸ್ತಿ ಅನ್ನೋದನ್ನ ಸೈಟ್ ತೋರಿಸೋರು ಯಾರೂ ಲೆಕ್ಕ ಹಾಕೋದಿಲ್ಲ.

ತೂಕ ನೋಡಿ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೂರು ಆಕ್ಸಲ್ ಲಾರಿಯ (ಅಣ್ಣನ ಹತ್ತು ಚಕ್ರದ್ದೂ ಅದೇ) ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಚರಂಡಿ ಚಪ್ಪಡಿಗೆ ಆ ಅಧಿಸೂಚನೆ ತಲುಪಿಲ್ಲ.

ಇನ್ನು ಸದ್ದು. ಬೀದಿಯವರಿಗೆ ನಿಜವಾಗಿ ತೊಂದರೆ ಕೊಟ್ಟಿದ್ದು ಲಾರಿ ನಿಂತಿದ್ದಲ್ಲ, ಹೊರಡುವಾಗಿನ ಹನ್ನೆರಡು ನಿಮಿಷ. ಏರ್ ಬ್ರೇಕ್ ಗಾಡಿಯಲ್ಲಿ ಟ್ಯಾಂಕಿಗೆ ಸಾಕಷ್ಟು ಗಾಳಿ ತುಂಬದೆ ಪಾರ್ಕಿಂಗ್ ಬ್ರೇಕ್ ಬಿಡೋದೇ ಇಲ್ಲ. ರಾತ್ರಿಯೆಲ್ಲ ಗಾಳಿ ಸೋರಿ ಹೋಗಿರುತ್ತೆ. ಬೆಳಗಿನ ಜಾವ ಇಂಜಿನ್ ಆನ್ ಮಾಡಿ, ಗಾಳಿ ಮೀಟರಿನ ಮುಳ್ಳು ಮೇಲೇರೋವರೆಗೆ ಕಾಯಬೇಕು. ಅಲ್ಲಿವರೆಗೆ ಬಜರ್ ಕಿರುಚುತ್ತಲೇ ಇರುತ್ತೆ. ನಾಲ್ಕು ಗಂಟೆಗೆ ಹನ್ನೆರಡು ನಿಮಿಷ ಬಜರ್, ಮೇಲೆ ಹೊಗೆ. ಮೇಷ್ಟ್ರಿಗೆ ಬಿಪಿ ಇದೆ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಮೊದಲೇ ಬೀದಿಗೆ ಬರ್ತಿದ್ದೆ.

ಒಂದು ಭಾನುವಾರ ಮೆಕ್ಯಾನಿಕ್ಕನ್ನು ಕರೆಸಿದೆವು. ಅವನು ಬಕೆಟ್ಟಿನಲ್ಲಿ ಸೋಪು ನೀರು ಕಲಸಿ, ಗಾಳಿ ಪೈಪಿನ ಒಂದೊಂದು ಜಾಯಿಂಟಿಗೂ ಹಳೇ ಬಟ್ಟೆಯಿಂದ ಹಚ್ಚುತ್ತಾ ಹೋದ. ಮೂರನೇ ಜಾಯಿಂಟಲ್ಲಿ ಗುಳ್ಳೆ ಎದ್ದಿತು. ಹಿಂದಿನ ಆಕ್ಸಲ್ ಹತ್ತಿರ ಇನ್ನೊಂದು ಕಡೆ ದೊಡ್ಡ ಗುಳ್ಳೆ, ಮಕ್ಕಳು ಊದೋ ಥರದ್ದು. ಎರಡು ಪೈಪು, ಎರಡು ವಾಷರ್. ಖರ್ಚು ಕೂಲಿ ಸೇರಿ ಎರಡು ಸಾವಿರದೊಳಗೆ. ಮಾರನೇ ದಿನದಿಂದ ಹನ್ನೆರಡು ನಿಮಿಷ ನಾಲ್ಕಾಯಿತು. ಇದನ್ನು ಒಂದು ವರ್ಷ ಮೊದಲೇ ಮಾಡಿಸಿದ್ದರೆ ಬೀದಿಯ ಸಿಟ್ಟು ಅರ್ಧ ಕಮ್ಮಿ ಇರ್ತಿತ್ತು ಅಂತ ಅಣ್ಣನ ಮುಖಕ್ಕೇ ಹೇಳಿದೆ. ಒಪ್ಪಿಕೊಂಡರು. "ಓಡ್ತಾ ಇರೋವಾಗ ಗೊತ್ತಾಗಲ್ಲ ಸಾರ್, ಗಾಡಿ ತುಂಬಿಸ್ಕೋತಾ ಇರುತ್ತೆ" ಅಂದರು.

ಕಾನೂನು ಏನು ಹೇಳುತ್ತೆ

ಸೆಪ್ಟೆಂಬರ್‌ನಲ್ಲಿ ಒಂದು ಸಲ ರಸ್ತೆ ಬದಿ ನಿಲ್ಲಿಸಿದ್ದಕ್ಕೆ ದಂಡ ಬಿತ್ತು, 500 ರೂಪಾಯಿ. ಬೇರೆ ದಂಡ ಗೊತ್ತುಮಾಡದ ತಪ್ಪುಗಳಿಗೆ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್‌ನಲ್ಲಿ ಮೊದಲ ಸಲ 500, ಮತ್ತೆ ಮಾಡಿದರೆ 1,500. ಬೇರೆಯವರಿಗೆ ಅಪಾಯವಾಗೋ ಹಾಗೆ ನಿಲ್ಲಿಸಬಾರದು ಅಂತ 122 ಹೇಳುತ್ತೆ. ಬಿಟ್ಟುಹೋದ ಗಾಡಿಯನ್ನು ಎಳೆಸಿಕೊಂಡು ಹೋಗೋ ಅಧಿಕಾರ 127ರಲ್ಲಿದೆ. ದಾರಿಗೆ ಅಡ್ಡ ಮಾಡಿದರೆ ಮೊದಲು ಐಪಿಸಿ 283ರಲ್ಲಿ ಬರೀ 200 ರೂಪಾಯಿ ದಂಡ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 285ರಲ್ಲಿ ಅದು 5,000ದವರೆಗೆ ಹೋಗಬಹುದು.

ಜಾಗ ಕೊಡೋ ಮಾತೂ ಅದೇ ಮೋಟಾರು ವಾಹನ ಕಾಯ್ದೆಯಲ್ಲಿದೆ. 117ನೇ ಸೆಕ್ಷನ್. ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ಗಾಡಿ ನಿಲ್ಲಿಸೋ ಜಾಗ ಗುರುತಿಸಬಹುದು. ಗುರುತಿಸ"ಬಹುದು". ಆ "ಬಹುದು" ಮೇಲೆ ಲಾರಿ ನಿಲ್ಲಿಸೋಕಾಗಲ್ಲ ಅಲ್ವಾ? ಲಾರಿ ನಿಲ್ದಾಣಗಳಿಗೆ ಅಂತಲೇ ರಾಜ್ಯದಲ್ಲಿ ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್ಸ್ ಅನ್ನೋ ಸರ್ಕಾರಿ ಕಂಪನಿ ಇದೆ. ಯಶವಂತಪುರದ ಟರ್ಮಿನಲ್ ಗೊತ್ತಿಲ್ಲದ ಡ್ರೈವರ್ ಇಲ್ಲ. ಆದರೆ ಅದು ಸರಕು ಬರೋ ಹೋಗೋ ದೊಡ್ಡ ಊರಿನ ಲೆಕ್ಕ. ಡ್ರೈವರ್ ಮನೆ ಇರೋ ಸಣ್ಣ ಊರಿನ ಲೆಕ್ಕ ಬೇರೆ.

ಊರಿನ ಒಂಬತ್ತು ಲಾರಿಯವರ ಸೈನ್ ಹಾಕಿಸಿ ನಾನೇ ಒಂದು ಅರ್ಜಿ ಬರೆದುಕೊಟ್ಟೆ. ಸ್ವೀಕೃತಿ ಸಿಕ್ಕಿದೆ, ಫೈಲಲ್ಲಿ ಇಟ್ಟುಕೊಂಡಿದ್ದೇನೆ.

ನೋಡಿದ ಜಾಗಗಳು

ಮೊದಲು ಪೆಟ್ರೋಲ್ ಬಂಕ್. ಡೀಸೆಲ್ ಅಲ್ಲೇ ಹಾಕಿಸೋದು, ಪರಿಚಯ ಇದೆ. ಮೂರು ರಾತ್ರಿ ನಡೆಯಿತು. ನಾಲ್ಕನೇ ರಾತ್ರಿ ಟ್ಯಾಂಕರ್ ಬಂತು, ಇಳಿಸೋಕೆ ಜಾಗ ಇಲ್ಲ, ಅಣ್ಣನ ಫೋನ್ ಸ್ವಿಚ್ ಆಫ್. ಮಾರನೇ ದಿನ ಕೈ ಮುಗಿದು ಬೇಡ ಅಂದರು. ಹೆದ್ದಾರಿಯ ದೊಡ್ಡ ಬಂಕುಗಳಿಗೆ ಪಕ್ಕದಲ್ಲಿ ಎಕರೆಗಟ್ಟಲೆ ಜಾಗ ಇರುತ್ತೆ, ಸಣ್ಣ ಊರಿನ ಬಂಕಿಗೆ ಎಲ್ಲಿ ಬರಬೇಕು?

ಕಲ್ಯಾಣ ಮಂಟಪದ ಹಿಂದೆ ಒಳ್ಳೇ ಜಾಗ ಇತ್ತು. ಮುಹೂರ್ತ ಇಲ್ಲದ ದಿನ ಮಾತ್ರ ಅಂದರು. ಲಾರಿ ಪಂಚಾಂಗ ನೋಡಿಕೊಂಡು ಊರಿಗೆ ಬರೋಕಾಗುತ್ತಾ? ಬಿಟ್ಟೆವು.

ಮುಳಬಾಗಿಲು ಕಡೆ ಚೆನ್ನೈ ಹೆದ್ದಾರಿಯ ಢಾಬಾಗಳು ಲಾರಿಯವರನ್ನು ಪ್ರೀತಿಯಿಂದಲೇ ಕರೆಯುತ್ತವೆ. ಊಟ ಮಾಡಿದರೆ ಸಾಕು, ನಿಲ್ಲಿಸೋಕೆ ದುಡ್ಡಿಲ್ಲ. ಆದರೆ ಅಲ್ಲಿಂದ ಮನೆಗೆ ಬರೋಕೆ ಬೈಕ್ ಬೇಕು, ಬೈಕ್ ಅಲ್ಲಿಗೆ ಯಾರು ತರಬೇಕು? ಅದೂ ಅಲ್ಲದೆ ಅದು ಮನೆ ಹತ್ತಿರ ಅಂತ ಆಗೋದೇ ಇಲ್ಲ.

ಅಕ್ಟೋಬರ್‌ನಲ್ಲಿ ಹೆದ್ದಾರಿ ಪಕ್ಕ ನಿಲ್ಲಿಸಿ, ಆಯುಧ ಪೂಜೆ ಸಾಮಾನಿಗೆ ಅಂತ ಮನೆಗೆ ಹೋಗಿ ಬಂದಿದ್ದು ಒಂದೂವರೆ ಗಂಟೆ. ಬರೋಷ್ಟರಲ್ಲಿ ಎರಡೂ ಬ್ಯಾಟರಿ ಇಲ್ಲ. ಲಾರಿಗೆ ಹನ್ನೆರಡು ವೋಲ್ಟಿನ ಎರಡು ಬ್ಯಾಟರಿ ಜೋಡಿಸಿರುತ್ತಾರೆ. ಬೋಲ್ಟ್ ಬಿಚ್ಚೋ ತಾಳ್ಮೆಯೂ ಕಳ್ಳನಿಗಿರಲಿಲ್ಲ, ಕೇಬಲ್ಲನ್ನೇ ಕತ್ತರಿಸಿದ್ದ. ಇಪ್ಪತ್ತು ಸಾವಿರದ ಮೇಲೆ ಹೋಯಿತು. "ಇನ್ಶೂರೆನ್ಸ್ ಬರುತ್ತಾ ಸಾರ್?" ಅಂತ ಅಣ್ಣ ಕೇಳಿದಾಗ ನನಗೆ ಇಲ್ಲ ಅನ್ನಬೇಕಾಯಿತು. ಲಾರಿಗಳ ಪ್ಯಾಕೇಜ್ ಪಾಲಿಸಿಯಲ್ಲಿ ಗಾಡಿಯೇ ಕಳುವಾದರೆ ಸರಿ. ಗಾಡಿ ಇದ್ದು, ಅದಕ್ಕೆ ಹಾಕಿದ ಸಾಮಾನು ಮಾತ್ರ ಹೋದರೆ ಕಂಪನಿ ಸಾಮಾನ್ಯವಾಗಿ ಕೈ ಎತ್ತುತ್ತೆ. ಪಾಲಿಸಿ ಮಾರುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ನಾನೂ ಹೇಳಿರಲಿಲ್ಲ. ಈಗ ಹೇಳ್ತೀನಿ.

ಆಮೇಲೆ ಕೆರೆ ಅಂಗಳ. ಕೋಲಾರ ಕಡೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸೋದು) ಬಂದ ಮೇಲೆ ಎಷ್ಟೋ ಕೆರೆ ತುಂಬಿವೆ, ನಮ್ಮ ಬದಿ ಇನ್ನೂ ಒಂದೆರಡು ಒಣಗಿದ್ದು ಸಿಗುತ್ತವೆ. ಬೇಡ ಅಂದರೂ ಅಣ್ಣ ಕೇಳಲಿಲ್ಲ. ನವೆಂಬರ್‌ನಲ್ಲಿ ಒಂದು ರಾತ್ರಿ ಜಡಿಮಳೆ ಹಿಡಿಯಿತು. ಬೆಳಗ್ಗೆ ನೋಡಿದರೆ ಹಿಂದಿನ ಚಕ್ರಗಳು ಅರ್ಧ ಮಣ್ಣಲ್ಲಿ. ಎರಡು ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ದಾಯಿತು. ಟೊಮೆಟೊ ಲೋಡಿಗೆ ಬೇರೆ ಲಾರಿ ಹೋಯಿತು.

ಮಂಡಿ

ಆ ಟ್ರ್ಯಾಕ್ಟರ್ ಒಂದು ಮಾವಿನ ಮಂಡಿಯದು. ಹಗ್ಗ ವಾಪಸ್ ಕೊಡೋಕೆ ಅಂತ ಮಂಡಿಗೆ ಹೋದೆವು. ದೊಡ್ಡ ಅಂಗಳ, ಮೊರಂ ಹಾಕಿ ಗಟ್ಟಿ ಮಾಡಿದ ನೆಲ, ಸುತ್ತ ಕಲ್ಲುಕಂಬದ ಬೇಲಿ, ತಗಡಿನ ಶೆಡ್ಡು, ಗೇಟು. ಒಳಗೆ ಒಂದು ನಾಯಿ, ಒಣಗಿದ ಹುಲ್ಲು, ಮೂಲೆಯಲ್ಲಿ ಪೇರಿಸಿಟ್ಟ ಕ್ರೇಟು. ಮತ್ತೇನೂ ಇಲ್ಲ. ನವೆಂಬರ್ ಅಲ್ವಾ?

ಗೊತ್ತಿಲ್ಲದವರಿಗೆ ಹೇಳಬೇಕು. ರಾಜ್ಯದಲ್ಲಿ ಮಾವು ಹೆಚ್ಚು ಬೆಳೆಯೋದು ಕೋಲಾರ ಜಿಲ್ಲೆ, ಜಿಲ್ಲೆಯಲ್ಲಿ ಶ್ರೀನಿವಾಸಪುರ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಇಲ್ಲಿಯ ಮಂಡಿಗಳಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಬಾದಾಮಿ, ಬೇನಿಷಾ, ಮಲ್ಲಿಕಾ, ಆಮೇಲೆ ರಾಶಿ ರಾಶಿ ತೋತಾಪುರಿ. ಟ್ರ್ಯಾಕ್ಟರ್, ಲಾರಿ, ಹುಲ್ಲು ಹಾಸಿದ ಬುಟ್ಟಿ, ಹಿಂದಿ ಮಾತಾಡೋ ವ್ಯಾಪಾರಿಗಳು. ಆಗಸ್ಟ್ ಬಂತು ಅಂದರೆ ಜಾತ್ರೆ ಮುಗಿದ ಬಯಲು. ಒಂಬತ್ತು ತಿಂಗಳು ನಾಯಿ ಮತ್ತು ವಾಚ್‌ಮನ್.

ಮಂಡಿ ಗೋಡೆಯಲ್ಲಿ ಹಳೇ ಕ್ಯಾಲೆಂಡರ್ ನೇತಾಡುತ್ತಿತ್ತು. ಅಣ್ಣ ಅದನ್ನೇ ನೋಡುತ್ತಾ, "ಮೇ, ಜೂನ್, ಜುಲೈಲಿ ನಾನು ಊರಲ್ಲಿ ಇರೋದೇ ಇಲ್ಲ ಸಾರ್" ಅಂದರು. ಮಾವಿನ ಕಾಲದಲ್ಲಿ ಅವರ ಗಾಡಿ ಅಹಮದಾಬಾದ್, ದೆಹಲಿ ಅಂತ ಓಡುತ್ತಲೇ ಇರುತ್ತೆ. ಇಲ್ಲವೇ ತೋತಾಪುರಿ ಹೊತ್ತು ಚಿತ್ತೂರಿನ ರಸದ ಫ್ಯಾಕ್ಟರಿ ಮುಂದೆ ಕ್ಯೂ ನಿಂತಿರುತ್ತೆ. ಮಂಡಿ ತುಂಬಿದಾಗ ಲಾರಿ ಹೊರಗೆ. ಲಾರಿ ಊರಿಗೆ ಬರೋ ಕಾಲಕ್ಕೆ ಮಂಡಿ ಖಾಲಿ. ಮೂರು ತಿಂಗಳಿಂದ ಎಷ್ಟಡಿ ಉದ್ದ, ಎಷ್ಟಡಿ ಅಗಲ ಅಂತ ಹುಡುಕುತ್ತಿದ್ದ ನಮಗೆ ತಿಂಗಳ ಲೆಕ್ಕ ಹೊಳೆದೇ ಇರಲಿಲ್ಲ.

ಸಾಹುಕಾರರ ಹತ್ತಿರ ಹೋದೆವು. ಮನೆಮಾತು ತೆಲುಗು, ನಮ್ಮ ಕಡೆ ಅರ್ಧ ಊರಿನ ಹಾಗೆ. "ಲಾರೀನಾ? ವದ್ದು ನಾಯನಾ" ಅಂದುಬಿಟ್ಟರು. ಬೇಡಪ್ಪಾ ಅಂತ. ಯಾಕೆ ಅಂದರೆ ಮೂರು ಭಯ. ಒಳಗೆ ಬಂದವನು ಹೊರಗೆ ಹೋಗದಿದ್ದರೆ? ರಾತ್ರಿ ಕುಡಿಯೋಕೆ ಅಡ್ಡೆಯಾದರೆ? ಆಯಿಲ್ ಸುರಿದು ನೆಲ ಕೆಟ್ಟರೆ? ನೆಲಕ್ಕೆ ಆಯಿಲ್ ಬಿದ್ದ ಜಾಗದಲ್ಲಿ ಹಣ್ಣು ಸುರಿಯೋಕಾಗಲ್ಲ, ಅದು ನಿಜ.

ಮೂರು ಸಲ ಹೋದೆವು. ಮೂರನೇ ಸಲ ಅಕ್ಕನೂ ಬಂದರು. ಸಾಹುಕಾರರ ಹೆಂಡತಿಯ ಹತ್ತಿರ ಒಳಗೆ ಏನು ಮಾತಾಡಿದರೋ ಗೊತ್ತಿಲ್ಲ. ಕಾಫಿ ಬಂತು, ಜೊತೆಗೆ ಒಪ್ಪಿಗೆಯೂ ಬಂತು.

ಕರಾರು ನಾನೇ ಬರೆದೆ. ಆಗಸ್ಟ್ 15ರಿಂದ ಏಪ್ರಿಲ್ 30ರವರೆಗೆ, ತಿಂಗಳಿಗೆ 1,200 ರೂಪಾಯಿ. ಮೊದಲ ವರ್ಷ ಡಿಸೆಂಬರ್‌ನಿಂದ ಶುರು. ವರ್ಷ ದಾಟಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಬೇಕು ಅಂತ ಮನೆ ಬಾಡಿಗೆಗೆ ಎಲ್ಲರೂ 11 ತಿಂಗಳು ಬರೆಯುತ್ತಾರಲ್ಲ, ಇದು ಅದಕ್ಕಿಂತಲೂ ಕಮ್ಮಿ. ಜಾಗದ ಮೇಲೆ ಯಾವ ಹಕ್ಕೂ ಇಲ್ಲ, ಗಾಡಿ ನಿಲ್ಲಿಸೋಕೆ ಅನುಮತಿ ಮಾತ್ರ ಅಂತ ಮೊದಲ ಸಾಲಲ್ಲೇ ಹಾಕಿದೆ. ಸಾಹುಕಾರರು ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಗಾಡಿ ತೊಳೆಯೋ ಹಾಗಿಲ್ಲ, ಗ್ರೀಸ್ ಹೊಡೆಯೋ ಹಾಗಿಲ್ಲ, ಇಂಜಿನ್ ಕೆಳಗೆ ಹಳೇ ಟಾರ್ಪಾಲ್ ಹಾಸಬೇಕು. ಅಣ್ಣ, ಅಕ್ಕ ಬಿಟ್ಟು ಬೇರೆ ಯಾರಿಗೂ ಗೇಟಿನ ಕೀ ಇಲ್ಲ. ಅಮಾವಾಸ್ಯೆ ಪೂಜೆ ಮಾಡಿದರೆ ಒಡೆದ ಬೂದುಗುಂಬಳಕಾಯಿ ಎತ್ತಿ ಹಾಕಬೇಕು. ಈ ಕೊನೆಯದು ವಾಚ್‌ಮನ್ ಹೆಂಡತಿ ಸೇರಿಸಿದ್ದು.

ಸೈನ್ ಹಾಕೋ ಮೊದಲು ಒಂದು ಪರೀಕ್ಷೆ ಮಾಡಿದೆವು. ಗೇಟು ಹದಿಮೂರು ಅಡಿ, ಕಾಗದದ ಮೇಲೆ ಸಾಕು. ಹಗಲಲ್ಲಿ ಖಾಲಿ ಲಾರಿ ತಂದು ರಸ್ತೆಯಿಂದ ತಿರುಗಿಸಿದರೆ ಒಳಗೆ ಹೋಗುತ್ತಿಲ್ಲ. ಮೂತಿ ಗೇಟಿಗೆ ಬಂದಾಗ ಹಿಂದಿನ ಚಕ್ರ ಬಲಗಡೆ ಕಲ್ಲುಕಂಬಕ್ಕೆ ತಾಗುತ್ತೆ. ಅಣ್ಣ ಇಳಿದು ಬಂದು, ಚಕ್ರ ಹಾದು ಹೋಗೋ ದಾರಿಗೆ ಇಟ್ಟಿಗೆ ಚೂರು ಇಡುತ್ತಾ ಹೋದರು. ಇಟ್ಟಿಗೆಯ ಗೆರೆ ಕಂಬದ ಒಳಗಿಂದಲೇ ಹೋಗುತ್ತಿತ್ತು. ಒಂದು ಕಂಬ ಕಿತ್ತು ನಾಲ್ಕಡಿ ಆಚೆ ನೆಟ್ಟೆವು. ಖರ್ಚು ಇಬ್ಬರಿಗೂ ಅರ್ಧರ್ಧ. ಯಾರಾದರೂ ಇಂಥ ಜಾಗ ನೋಡುವವರಿದ್ದರೆ ಟೇಪು ನಂಬಬೇಡಿ, ಗಾಡಿಯನ್ನೇ ತಂದು ನೋಡಿ.

ಇನ್ನೊಂದು ನಿಯಮ ಕಾಗದದಲ್ಲಿಲ್ಲ. ಶೆಡ್ಡಿನ ಪಕ್ಕ ವಾಚ್‌ಮನ್ ಸಂಸಾರ ಮಲಗುತ್ತೆ, ಚಿಕ್ಕ ಮಗು ಇದೆ. ರಿವರ್ಸ್ ಹಾಕಿದರೆ ಹಾರ್ನ್ ಕೀಂ ಕೀಂ ಅನ್ನುತ್ತೆ. ಆದ್ದರಿಂದ ರಾತ್ರಿ ಬರುವಾಗಲೇ ತಿರುಗಿಸಿ, ಮೂತಿ ಗೇಟಿನ ಕಡೆ ಇಟ್ಟು ನಿಲ್ಲಿಸೋದು. ನಾಲ್ಕು ನಿಮಿಷದಲ್ಲಿ ಏರ್ ತುಂಬುತ್ತೆ, ನೇರ ಹೊರಡೋದು. ಮಂಡಿಯಿಂದ ಮನೆಗೆ ನಡೆದರೆ ಹನ್ನೊಂದು ನಿಮಿಷ.

2025ರ ಜೂನ್

ಐದು ತಿಂಗಳು ಚೆನ್ನಾಗಿ ನಡೆಯಿತು. ಏಪ್ರಿಲ್ 30ಕ್ಕೆ ಅಣ್ಣ ಕೀ ವಾಪಸ್ ಕೊಟ್ಟರು. ಮೇಯಲ್ಲಿ ಬಾದಾಮಿ ಲೋಡ್. ಎಲ್ಲ ನಾವಂದುಕೊಂಡ ಹಾಗೇ.

ಜೂನ್ ಮೊದಲ ವಾರ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಬಾರದು ಅಂತ ತಡೆ ಹಾಕಿತು. ಗಡಿಯಲ್ಲಿ ಕಾವಲು ಕೂತಿತು. ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಶ್ರೀನಿವಾಸಪುರದಲ್ಲಿ ರೈತರು ಬಂದ್ ಮಾಡಿದರು. ಬೆಲೆ ಬಿದ್ದುಹೋಗಿತ್ತು, ಕೊಯ್ಲಿನ ಕೂಲಿಯೂ ಹುಟ್ಟಲ್ಲ ಅಂತ ಹಣ್ಣನ್ನು ಮರದಲ್ಲೇ ಬಿಟ್ಟವರಿದ್ದರು. ಅವರ ಕಷ್ಟದ ಮುಂದೆ ಒಂದು ಲಾರಿ ಎಲ್ಲಿ ನಿಲ್ಲಬೇಕು ಅನ್ನೋದು ಸಣ್ಣ ವಿಷಯ. ಆದರೆ ನಮ್ಮ ಕ್ಯಾಲೆಂಡರ್ ಲೆಕ್ಕ ಅಲ್ಲಿಗೆ ಕೈಕೊಟ್ಟಿತು. ಲೋಡ್ ಇಲ್ಲದೆ ಅಣ್ಣನ ಲಾರಿ ಜೂನ್‌ನಲ್ಲೇ ಊರಿಗೆ ಬಂತು. ಮಂಡಿಯ ಅಂಗಳದಲ್ಲಿ ಹೋಗೋಕೆ ದಾರಿಯಿಲ್ಲದ ತೋತಾಪುರಿ ಗುಡ್ಡೆ ಬಿದ್ದಿತ್ತು.

ಹನ್ನೊಂದು ರಾತ್ರಿ. ಮೊದಲ ಎರಡು ಕ್ಯಾಬಿನ್‌ನಲ್ಲಿ ಕಳೆದವು. ಆಮೇಲೆ ಅಕ್ಕನ ಚಿಕ್ಕಮ್ಮನ ಹಳ್ಳಿ ನೆನಪಾಯಿತು, ಆರು ಕಿಲೋಮೀಟರ್. ಅವರದು ರೇಷ್ಮೆ. ಹುಳದ ಮನೆ ಮುಂದೆ ಕಣ ಇದೆ. ಲಾರಿ ನೋಡಿದ ತಕ್ಷಣ ಚಿಕ್ಕಮ್ಮ ಎರಡೂ ಕೈ ಅಡ್ಡ ಹಿಡಿದು ನಿಂತರು. "ಹುಳ ನಾಲ್ಕನೇ ಜ್ವರದಲ್ಲಿದೆ, ಹೊಗೆ ಕುಡಿಸಿದರೆ ನನ್ನ ಬೆಳೆ ಹೋಯ್ತು, ಅಳಿಯಂದಿರೇ ಆಗಲಿ ಯಾರೇ ಆಗಲಿ" ಅಂದರು. ಹುಳ ಪೊರೆ ಬಿಡೋ ಹೊತ್ತಿಗೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಕಣದ ಆ ತುದಿ, ಹುಣಸೆ ಮರದ ಕೆಳಗೆ, ಗಾಳಿ ಮನೆಯಿಂದ ಆಚೆಗೆ ಬೀಸೋ ಬದಿಯಲ್ಲಿ ನಿಲ್ಲಿಸಿದರು. ಒಂಬತ್ತು ದಿನ ಇಂಜಿನ್ ಆನ್ ಮಾಡಲಿಲ್ಲ. ಅಣ್ಣ ಮೊಪೆಡ್‌ನಲ್ಲಿ ಓಡಾಡಿದರು. ಮನೆಯಲ್ಲೇ ಮಲಗಿದರು. ಇಷ್ಟು ದಿನ ಒಟ್ಟಿಗೆ ಮನೆಯಲ್ಲಿದ್ದದ್ದು ಮದುವೆಯಾದ ಮೇಲೆ ಇದೇ ಮೊದಲು ಅಂತ ಅಕ್ಕ ನಗುತ್ತಾ ಹೇಳಿದರು. ಕಂತು ಕಟ್ಟೋ ದಿನ ಹತ್ತಿರ ಬಂದ ಹಾಗೆ ಆ ನಗು ಕಮ್ಮಿಯಾಯಿತು.

ಈಗ ಕರಾರಿನಲ್ಲಿ ಒಂದು ಸಾಲು ಹೆಚ್ಚಿದೆ. ಸೀಸನ್‌ನಲ್ಲಿ ಲೋಡ್ ಇಲ್ಲದೆ ಗಾಡಿ ಊರಿಗೆ ಬಂದರೆ ಶೆಡ್ಡಿನ ಹಿಂದಿನ ಪಟ್ಟಿಯಲ್ಲಿ ಐದು ದಿನದವರೆಗೆ ನಿಲ್ಲಿಸಬಹುದು, ದಿನಕ್ಕೆ 100 ರೂಪಾಯಿ. ಐದು ದಿನ ಸಾಲೋದಿಲ್ಲ ಅಂತ ನನಗೂ ಗೊತ್ತು. ಸಾಹುಕಾರರು ಅದಕ್ಕಿಂತ ಮೇಲೆ ಬರಲಿಲ್ಲ.

ಆಗಸ್ಟ್ 15ಕ್ಕೆ ಕೀ ಮತ್ತೆ ಸಿಕ್ಕಿತು. ಸುದ್ದಿ ತಿಳಿದು ಇನ್ನಿಬ್ಬರು ಲಾರಿಯವರು ಬಂದರು. ಮೂರರ ಮೇಲೆ ಬೇಡ ಅಂತ ಸಾಹುಕಾರರ ಮಾತು. ಮೂರು ಗಾಡಿ ಅಂದಮೇಲೆ ಹೊಸ ತಕರಾರು. ಮೊದಲು ಬಂದವನು ಗೇಟಿನ ಮುಂದೆ ನಿಲ್ಲಿಸಿ ಮನೆಗೆ ಹೋದರೆ, ನಾಲ್ಕು ಗಂಟೆಗೆ ಹೊರಡೋ ಹಿಂದಿನವನು ಏನು ಮಾಡಬೇಕು? ಎರಡು ಸಲ ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸಿ ಬೈದಾಡಿಕೊಂಡಿದ್ದಾಯಿತು.

ಈಗ ಗೇಟಿನ ಒಳಬದಿ ವಾಚ್‌ಮನ್ ಮಗಳ ಹಳೇ ಸ್ಲೇಟು ತೂಗುಹಾಕಿದ್ದಾರೆ. ರಾತ್ರಿ ಬಂದವರು ತಮ್ಮ ಗಾಡಿಯ ಕೊನೆಯ ನಾಲ್ಕು ನಂಬರ್, ಹೊರಡೋ ಹೊತ್ತು ಬರೆಯಬೇಕು. ತಡವಾಗಿ ಹೊರಡೋ ಗಾಡಿ ಹಿಂದೆ, ಬೇಗ ಹೊರಡೋದು ಮುಂದೆ. ಹೊತ್ತು ಗೊತ್ತಿಲ್ಲದವನು ಗಾಡಿ ಕೀಯನ್ನು ವಾಚ್‌ಮನ್ ಕೈಗೆ ಕೊಟ್ಟು ಹೋಗಬೇಕು. ಮೊನ್ನೆ ನಾನು ಹೋದಾಗ ಸ್ಲೇಟಿನಲ್ಲಿ ಅಣ್ಣನ ನಂಬರ್ ಮುಂದೆ 3:30 ಅಂತ ಇತ್ತು. ಅದರ ಕೆಳಗೆ ಆ ಹುಡುಗಿ ಮೂರನೇ ಮಗ್ಗಿ ಬರೆದಿದ್ದಳು.